ಗೇರು, ಕಾಫಿ, ಅಡಿಕೆ: ವಿಷದ ಸಂಶೋಧನೆಯನ್ನು ಅಳೆದು ನೋಡುವುದು ಹೇಗೆ?

2023ರ ಜುಲೈನಲ್ಲಿ, ಡಯಟ್ ಕೋಲಾಕ್ಕೆ ಹಾಕುವ ಆಸ್ಪರ್ಟೇಮ್ ಎಂಬ ಸಿಹಿಕಾರಕ ಕ್ಯಾನ್ಸರ್ ತರಬಹುದು ಎಂಬ ಸುದ್ದಿ ಬಂತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ರೋಡಮೈನ್-ಬಿ ಬಣ್ಣ ಹಾಕಬಾರದೆಂದು ಆದೇಶಿಸಿತು. ಮರುವರ್ಷ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಹಾಸುವ ಪ್ಲಾಸ್ಟಿಕ್ ಹಾಳೆಯ ಸರದಿ. ಪ್ರತಿ ಸಲವೂ ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಒಂದು ಸಂದೇಶ ಮೊಬೈಲಿಗೆ ಬರುತ್ತದೆ, ವಾರ ಕಳೆಯುವಷ್ಟರಲ್ಲಿ ‘ಹೆದರಬೇಕಾದ್ದು ಏನೂ ಇಲ್ಲ’ ಎಂಬ ಇನ್ನೊಂದು. ಮನೆಯಲ್ಲಿ ಸಣ್ಣ ಮಕ್ಕಳಿರುವವರು, ಬೋರ್‌ವೆಲ್ ನೀರನ್ನೇ ನಂಬಿದವರು, ತೋಟಕ್ಕೆ ಔಷಧಿ ಹೊಡೆಯುವವರು ಇವೆರಡರಲ್ಲಿ ಯಾವುದನ್ನು ನಂಬಬೇಕು?

ಇದಕ್ಕೆ ಉತ್ತರ ಕಂಡುಕೊಳ್ಳಲು ವಿಜ್ಞಾನದ ಪದವಿ ಬೇಕಿಲ್ಲ. ಇಂಥ ಅಧ್ಯಯನಗಳು ಹೇಗೆ ನಡೆಯುತ್ತವೆ, ಅವು ಎಲ್ಲಿ ಎಡವುತ್ತವೆ ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ನಮ್ಮ ಕಣ್ಣೆದುರೇ ನಡೆದ ಒಂದು ಪ್ರಕರಣವೂ ಇದೆ: ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕ. ಈ ಲೇಖನದ ಹೆಚ್ಚಿನ ಪಾಲು ಅದರದ್ದೇ.

ಅಪಾಯದ ಗುಣ ಬೇರೆ, ಅಪಾಯದ ಸಾಧ್ಯತೆ ಬೇರೆ

ಅಂಗಳದ ಬಾವಿಗೆ ಮುಳುಗಿಸುವ ಗುಣ ಇದ್ದೇ ಇದೆ. ಆದರೆ ಮನೆಯ ಮಗು ಅದಕ್ಕೆ ಬೀಳುವ ಸಾಧ್ಯತೆ ಎಷ್ಟು ಎಂಬುದು ಬಾವಿಗೆ ಕಟ್ಟೆ ಇದೆಯೇ, ಮಗು ಎಷ್ಟು ಹತ್ತಿರ ಆಡುತ್ತದೆ ಎಂಬುದನ್ನು ಅವಲಂಬಿಸಿದೆ. ರಾಸಾಯನಿಕಗಳ ವಿಷಯದಲ್ಲೂ ಇವು ಎರಡು ಪ್ರತ್ಯೇಕ ಪ್ರಶ್ನೆಗಳು. ಸುದ್ದಿಯಲ್ಲಿ ಮಾತ್ರ ಎರಡೂ ಒಂದಾಗಿಬಿಡುತ್ತವೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಅದನ್ನು ಐಎಆರ್‌ಸಿ ಎಂದು ಕರೆಯುತ್ತಾರೆ. ವಸ್ತುಗಳನ್ನು ಅದು ಗುಂಪುಗಳಾಗಿ ವಿಂಗಡಿಸುತ್ತದೆ. ಗುಂಪು 1 ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದರ್ಥ. 2ಎ ಎಂದರೆ ತರುವ ಸಂಭವ ಹೆಚ್ಚು. 2ಬಿ ಎಂದರೆ ತರಬಹುದು, ಪುರಾವೆ ಸೀಮಿತ. ಗುಂಪು 3 ಎಂದರೆ ಹೀಗೇ ಎಂದು ಹೇಳುವಷ್ಟು ಪುರಾವೆ ಇಲ್ಲ. ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ವಸ್ತು ಎಷ್ಟು ಅಪಾಯಕಾರಿ ಎಂಬುದನ್ನಲ್ಲ. ತಂಬಾಕೂ ಬಿಸಿಲೂ ಎರಡೂ ಗುಂಪು 1ರಲ್ಲಿವೆ. ಎರಡರಿಂದಲೂ ಕ್ಯಾನ್ಸರ್ ಬರಬಲ್ಲದು ಎಂಬುದು ಖಚಿತ, ಆದರೆ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವುದೂ ಬಿಸಿಲಲ್ಲಿ ಬಟ್ಟೆ ಒಣಗಿಸುವುದೂ ಒಂದೇ ಅಲ್ಲ.

ಆಸ್ಪರ್ಟೇಮ್ ಹೋಗಿ ಕೂತದ್ದು 2ಬಿ ಗುಂಪಿನಲ್ಲಿ. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ತಜ್ಞ ಸಮಿತಿ ಎರಡನೆಯ ಪ್ರಶ್ನೆಗೆ ಉತ್ತರಿಸಿತು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ತನಕ ಸೇವಿಸಬಹುದು ಎಂಬ ಹಳೆಯ ಮಿತಿಯನ್ನು ಬದಲಿಸಬೇಕಿಲ್ಲ ಎಂದಿತು. 70 ಕಿಲೋ ತೂಕದವರು ಈ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಡಯಟ್ ಪಾನೀಯ ಕುಡಿಯಬೇಕು, ಅದೂ ಬೇರೆ ಆಹಾರದಿಂದ ಆಸ್ಪರ್ಟೇಮ್ ಹೋಗುತ್ತಿಲ್ಲ ಎಂದಿಟ್ಟುಕೊಂಡರೆ. ಎರಡು ವರದಿಗಳಲ್ಲಿ ವಿರೋಧವೇ ಇರಲಿಲ್ಲ. ಒಂದು ಬಾವಿ ಇದೆ ಎಂದಿತು, ಇನ್ನೊಂದು ಕಟ್ಟೆ ಎಷ್ಟು ಎತ್ತರ ಇದೆ ಎಂದಿತು. ಸುದ್ದಿಯಾದದ್ದು ಹೆಚ್ಚಾಗಿ ಮೊದಲನೆಯದು.

ಒಳಹೋದದ್ದು ಎಷ್ಟು?

ಪ್ರಮಾಣ ಎಷ್ಟು ಮುಖ್ಯ ಎಂಬುದಕ್ಕೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಜನರಿಗೆ ಬೇರೆ ಉದಾಹರಣೆ ಬೇಕಿಲ್ಲ. ಅಲ್ಲಿನ ಕಲ್ಲಿನಲ್ಲೇ ಫ್ಲೋರೈಡ್ ಇದೆ, ಕೊಳವೆಬಾವಿಯ ನೀರಿಗೆ ಅದು ಕರಗಿ ಬರುತ್ತದೆ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಅದೇ ಫ್ಲೋರೈಡ್ ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿಸುತ್ತದೆ. ಇನ್ನೂ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ಒಳಹೋದರೆ ಮೂಳೆ, ಕೀಲು, ಬೆನ್ನುಹುರಿಯ ತನಕ ಹಾನಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ವಸ್ತು ಒಂದೇ ಆದರೂ ಪರಿಣಾಮ ಮೂರು ಬಗೆ.

ಸೀಸದ ಕಥೆ ಹಾಗಲ್ಲ. ಇಷ್ಟಕ್ಕಿಂತ ಕಡಿಮೆಯಾದರೆ ತೊಂದರೆ ಇಲ್ಲ ಎನ್ನಬಹುದಾದ ಗೆರೆಯೇ ಅದಕ್ಕೆ ಸಿಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಮಿದುಳಿಗೆ ಅತಿ ಸಣ್ಣ ಪ್ರಮಾಣವೂ ಹಾನಿಕರ. ಭಾರತದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದು ಇದಕ್ಕಾಗಿಯೇ. ಹಾಗಾಗಿ ‘ಸ್ವಲ್ಪ ಹೋದರೆ ಏನೂ ಆಗುವುದಿಲ್ಲ’ ಎಂಬ ಮಾತನ್ನು ಎಲ್ಲ ವಸ್ತುಗಳಿಗೂ ಅನ್ವಯಿಸಲಾಗದು. ಯಾವ ವಸ್ತು, ಯಾರ ದೇಹಕ್ಕೆ, ಯಾವ ವಯಸ್ಸಿನಲ್ಲಿ ಎಂದು ಕೇಳಲೇಬೇಕು. ಹೊಟ್ಟೆಯಲ್ಲಿರುವ ಮಗು, ಹಾಲು ಕುಡಿಯುವ ಮಗು, ಮೈನೆರೆಯುವ ವಯಸ್ಸಿನ ಮಕ್ಕಳು ವಯಸ್ಕರಿಗಿಂತ ಬೇರೆಯೇ ಲೆಕ್ಕ.

ವರದಿಗಳಲ್ಲಿ ಪಿಪಿಬಿ ಎಂಬ ಅಳತೆ ಬರುತ್ತದೆ. ನೂರು ಕೋಟಿಯಲ್ಲಿ ಒಂದು ಭಾಗ ಎಂದರ್ಥ. ಮನೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಒಂದು ಮಿಲಿಗ್ರಾಂ, ಅಂದರೆ 500 ಮಿಲಿಗ್ರಾಂ ಮಾತ್ರೆಯ ಐನೂರರಲ್ಲಿ ಒಂದು ಪಾಲು, ಕರಗಿಸಿದರೆ ಆಗುವುದು ಒಂದು ಪಿಪಿಬಿ. ಇಷ್ಟು ಕಡಿಮೆಯನ್ನೂ ಇಂದಿನ ಯಂತ್ರಗಳು ಪತ್ತೆ ಹಚ್ಚುತ್ತವೆ. ಹಾಗಾಗಿ ‘ಪತ್ತೆಯಾಗಿದೆ’ ಎಂಬ ಒಂದೇ ಪದದಿಂದ ಹಾನಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಎಷ್ಟು ಪತ್ತೆಯಾಯಿತು, ಹಾನಿ ಶುರುವಾಗುವ ಮಟ್ಟ ಎಷ್ಟು ಎಂಬ ಎರಡು ಅಂಕಿಗಳು ಅಕ್ಕಪಕ್ಕ ಇರಬೇಕು.

ಇಲಿಯಲ್ಲಿ ಕಂಡದ್ದು

ಮನುಷ್ಯರಿಗೆ ವಿಷ ಕೊಟ್ಟು ಪರೀಕ್ಷಿಸಲು ಸಾಧ್ಯವಿಲ್ಲ. ಆದ್ದರಿಂದ ಮೊದಲ ಪುರಾವೆ ಬರುವುದು ಪ್ರಯೋಗಾಲಯದ ಜೀವಕೋಶಗಳಿಂದ, ಇಲಿಗಳಿಂದ. ಪ್ರಾಣಿಯಲ್ಲಿ ಹಾನಿ ಕಾಣದ ಅತಿ ಹೆಚ್ಚಿನ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಮನುಷ್ಯರ ಮಿತಿಯನ್ನು ಗೊತ್ತುಮಾಡುತ್ತಾರೆ. ಪ್ರಾಣಿಗಿಂತ ಮನುಷ್ಯ ಹೆಚ್ಚು ಸೂಕ್ಷ್ಮ ಇರಬಹುದೆಂದು ಒಂದು ಹತ್ತು, ಮನುಷ್ಯರಲ್ಲೇ ಕೆಲವರು ಇನ್ನೂ ಸೂಕ್ಷ್ಮ ಇರಬಹುದೆಂದು ಮತ್ತೊಂದು ಹತ್ತು.

ಇಲಿ ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. ಸ್ಯಾಕರಿನ್ ತಿಂದ ಇಲಿಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡದ್ದರಿಂದ 1977ರಿಂದ ಅಮೆರಿಕದಲ್ಲಿ ಸ್ಯಾಕರಿನ್ ಇರುವ ಪೊಟ್ಟಣಗಳ ಮೇಲೆ ಎಚ್ಚರಿಕೆ ಅಚ್ಚಾಗುತ್ತಿತ್ತು. ಗಂಡು ಇಲಿಯ ಮೂತ್ರದ ವಿಶಿಷ್ಟ ರಚನೆಯೇ ಅದಕ್ಕೆ ಕಾರಣ, ಮನುಷ್ಯರಲ್ಲಿ ಹಾಗಾಗುವುದಿಲ್ಲ ಎಂದು ನಂತರ ತಿಳಿಯಿತು. 2000ದಲ್ಲಿ ಎಚ್ಚರಿಕೆಯನ್ನು ತೆಗೆದರು.

ಪಡ್ರೆಯ ಹುಡುಗರ ಅಧ್ಯಯನ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಗ್ರಾಮವಿದೆ. ಕನ್ನಡ, ತುಳು ಮಾತಾಡುವ ಊರು. ಸುತ್ತಲಿನ ಗುಡ್ಡಗಳ ಮೇಲೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು. ಗೇರು ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ತೋಟ ಗುಡ್ಡದ ಮೇಲೆ, ಮನೆ, ಶಾಲೆ, ನೀರಿನ ಸುರಂಗ, ತೋಡು ಕೆಳಗೆ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಇದೇ ಕೀಟನಾಶಕವನ್ನು ಆಕಾಶದಿಂದ ಸಿಂಪಡಿಸಿತ್ತು.

ಮೊದಲು ಗಮನಿಸಿದವರು ಊರಿನವರೇ. ಪತ್ರಕರ್ತ ಶ್ರೀ ಪಡ್ರೆ ಕರುಗಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಿರುವ ಬಗ್ಗೆ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರ್‌ಗಳು ಇಷ್ಟು ಸಣ್ಣ ಪ್ರದೇಶದಲ್ಲಿ ಏಕೆ ಹೀಗೆ ಗುಂಪಾಗಿವೆ ಎಂದು ಕೇಳತೊಡಗಿದರು. ಇಂಥ ಗಮನಿಕೆ ಪುರಾವೆಯ ಮೊದಲ ಮೆಟ್ಟಿಲು, ಕೊನೆಯದಲ್ಲ. ಆದರೆ ಈ ಮೆಟ್ಟಿಲಿಲ್ಲದೆ ಮುಂದಿನದು ಯಾವುದೂ ಇಲ್ಲ. ಪರಿಸರದ ವಿಷಗಳ ಇತಿಹಾಸದಲ್ಲಿ ಮೊದಲ ಸುಳಿವು ಮತ್ತೆ ಮತ್ತೆ ಸಿಕ್ಕಿರುವುದು ಹೀಗೆ ಕಣ್ಣು ತೆರೆದಿಟ್ಟ ಒಬ್ಬ ಸ್ಥಳೀಯ ವೈದ್ಯರಿಂದಲೋ ತಾಯಂದಿರಿಂದಲೋ. ಅವರನ್ನು ‘ವಿಜ್ಞಾನ ತಿಳಿಯದವರು’ ಎಂದು ಬದಿಗೆ ಸರಿಸುವುದು ತಪ್ಪು.

ಮೆಟ್ಟಿಲು ಮೊದಲನೆಯದೇ ಏಕೆ? ಗುಂಪಾಗಿ ಕಾಣುವುದು ಕೆಲವೊಮ್ಮೆ ಕಾಕತಾಳೀಯವೂ ಆಗಿರಬಹುದು. ಸಾವಿರಾರು ಹಳ್ಳಿಗಳಲ್ಲಿ ಒಂದೆರಡರಲ್ಲಿ ಯಾವ ಕಾರಣವೂ ಇಲ್ಲದೆ ಒಂದು ಕಾಯಿಲೆ ಹೆಚ್ಚಿರುತ್ತದೆ. ಆದ್ದರಿಂದ ಮುಂದಿನ ಹೆಜ್ಜೆ ಹೋಲಿಕೆ.

ಆ ಹೋಲಿಕೆ ಮಾಡಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಸಿಂಪಡಣೆ ನಿಂತ ಮೇಲೆ, 2001ರಲ್ಲಿ ಅದರ ತಂಡ ಪಡ್ರೆಗೆ ಬಂತು. 2003ರ ಡಿಸೆಂಬರಿನಲ್ಲಿ ಅಮೆರಿಕದ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಅದರ ಒಂದು ಭಾಗ ಪ್ರಕಟವಾಯಿತು. ಗೇರು ತೋಟದ ಬುಡದಲ್ಲಿ ಬೆಳೆದ 117 ಶಾಲಾ ಹುಡುಗರನ್ನೂ, ಅಂಥ ಸಿಂಪಡಣೆ ಕಾಣದ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಎಲ್ಲರೂ 10ರಿಂದ 19 ವರ್ಷದವರು. ಮೈನೆರೆಯುವ ಬೆಳವಣಿಗೆ ಯಾವ ಹಂತದಲ್ಲಿದೆ ಎಂದು ವೈದ್ಯರು ದಾಖಲಿಸಿಕೊಂಡರು. ರಕ್ತದಲ್ಲಿ ಎಂಡೋಸಲ್ಫಾನ್ ಎಷ್ಟಿದೆ, ಟೆಸ್ಟೋಸ್ಟಿರಾನ್ ಮುಂತಾದ ಹಾರ್ಮೋನುಗಳು ಎಷ್ಟಿವೆ ಎಂದು ಅಳೆದರು.

ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ ಇತ್ತು, ಹೋಲಿಕೆಯ ಊರಿನಲ್ಲಿ 1.37. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕದಿಂದ ಸರಿದೂಗಿಸಿ ನೋಡಿದಾಗ, ಎಂಡೋಸಲ್ಫಾನ್ ಹೆಚ್ಚಿದ್ದ ಹುಡುಗರಲ್ಲಿ ಮೈನೆರೆಯುವುದು ತಡವಾಗಿತ್ತು, ಟೆಸ್ಟೋಸ್ಟಿರಾನ್ ಕಡಿಮೆ ಇತ್ತು.

ಈ ಅಧ್ಯಯನದ ಬಲ ಇರುವುದು ಎರಡು ಕಡೆ. ‘ತೋಟದ ಹತ್ತಿರ ವಾಸ’ ಎಂಬ ಊಹೆಗೆ ನಿಲ್ಲದೆ ಮಕ್ಕಳ ರಕ್ತದಲ್ಲೇ ಅಳೆದದ್ದು ಒಂದು, ಹೋಲಿಸಲು ಬೇರೆ ಊರನ್ನು ಇಟ್ಟುಕೊಂಡದ್ದು ಇನ್ನೊಂದು. ಮಿತಿಗಳೂ ಇವೆ. ರಕ್ತದ ಪರೀಕ್ಷೆಗೆ ಸಿಕ್ಕವರು ಪಡ್ರೆಯಲ್ಲಿ 70, ಇನ್ನೊಂದು ಊರಿನಲ್ಲಿ 47 ಮಂದಿ ಮಾತ್ರ. ಬಾರದೆ ಉಳಿದವರು ಬಂದವರಂತೆಯೇ ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಲೆಕ್ಕ ವಾಲುತ್ತದೆ. ಎಲ್ಲವನ್ನೂ ಒಂದೇ ಸಮಯದಲ್ಲಿ ಅಳೆದ ಅಧ್ಯಯನ ಇದು. ಹುಡುಗರನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದ್ದಲ್ಲ. ಮಾದರಿ ಸಣ್ಣದು, ಭಾಗವಹಿಸದವರು ಇದ್ದರು ಎಂದು ಸಂಶೋಧಕರೇ ಸಾರಾಂಶದಲ್ಲಿ ಬರೆದಿದ್ದಾರೆ. ತೀರ್ಮಾನದಲ್ಲಿ ಅವರು ಆರಿಸಿಕೊಂಡದ್ದೂ ‘ತಡಮಾಡಬಹುದು’ ಎಂಬ ಎಚ್ಚರದ ಮಾತನ್ನೇ. ಒಂದು ಪ್ರಬಂಧವನ್ನು ನಂಬಬಹುದೇ ಎಂದು ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ: ತನ್ನ ದೌರ್ಬಲ್ಯವನ್ನು ತಾನೇ ಹೇಳಿಕೊಂಡಿದೆಯೇ?

ಪ್ರಕಟವಾದ ಮೇಲೆ ಅದೇ ಪತ್ರಿಕೆಗೆ ಆಕ್ಷೇಪಣೆಯ ಪತ್ರಗಳು ಬಂದವು, ಸಂಶೋಧಕರು ಉತ್ತರಿಸಿದರು. ಹೊರಗಿನವರಿಗೆ ಇದು ಜಗಳದಂತೆ ಕಾಣಬಹುದು. ವಿಜ್ಞಾನ ಕೆಲಸ ಮಾಡುವುದೇ ಹೀಗೆ.

ಆರು ಮತ್ತು ಒಂದು

ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿ ಇದೆ. ವೃಷಣ ಕೆಳಗಿಳಿಯದಿರುವುದು, ಹುಟ್ಟಿನಿಂದಲೇ ಬರುವ ಹರ್ನಿಯಾ ಮುಂತಾದ ತೊಂದರೆಗಳು ಪಡ್ರೆಯ ಹುಡುಗರಲ್ಲಿ ಶೇ 5.1, ಹೋಲಿಕೆಯ ಊರಿನಲ್ಲಿ ಶೇ 1.1. ಹೆಚ್ಚುಕಡಿಮೆ ಐದು ಪಟ್ಟು! ಆದರೂ ಈ ವ್ಯತ್ಯಾಸ ‘ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ’ ಎಂದು ಪ್ರಬಂಧ ಹೇಳುತ್ತದೆ. ಏಕೆ?

ಶೇಕಡಾವಾರನ್ನು ತಲೆಗಳ ಲೆಕ್ಕಕ್ಕೆ ಇಳಿಸಿ. 117ರಲ್ಲಿ 6 ಹುಡುಗರು, 90ರಲ್ಲಿ 1. ಒಟ್ಟು ಏಳು ಮಂದಿ. ಎಂಡೋಸಲ್ಫಾನಿಗೂ ಈ ತೊಂದರೆಗೂ ಸಂಬಂಧವೇ ಇಲ್ಲ, ಈ ಏಳು ಮಂದಿ 207 ಹುಡುಗರಲ್ಲಿ ಎಲ್ಲೆಂದರಲ್ಲಿ ಹಂಚಿಹೋಗಿದ್ದಾರೆ ಎಂದು ಕಲ್ಪಿಸಿಕೊಳ್ಳಿ. ಆಗಲೂ ಆರೋ ಏಳೋ ಮಂದಿ ಪಡ್ರೆಯ ಕಡೆಯೇ ಬೀಳುವ ಸಂಭವ ನೂರಕ್ಕೆ ಸುಮಾರು 11. ಹೀಗೆ ಆಕಸ್ಮಿಕವಾಗಿ ಆಗುವ ಸಂಭವ ನೂರಕ್ಕೆ 5ಕ್ಕಿಂತ ಕಡಿಮೆಯಿದ್ದರೆ ಮಾತ್ರ ವ್ಯತ್ಯಾಸವನ್ನು ‘ಗಣನೀಯ’ ಎನ್ನುವುದು ರೂಢಿ.

‘ಗಣನೀಯವಲ್ಲ’ ಎಂಬುದನ್ನು ‘ಸಂಬಂಧವಿಲ್ಲ ಎಂದು ಸಾಬೀತಾಯಿತು’ ಎಂದು ಓದುವವರಿದ್ದಾರೆ. ಅದು ತಪ್ಪು. ಇಷ್ಟು ಕಡಿಮೆ ಮಕ್ಕಳನ್ನು ನೋಡಿ ಹೌದು ಎಂದೂ ಇಲ್ಲ ಎಂದೂ ಹೇಳಲಾಗದು, ಅಷ್ಟೇ ಅದರ ಅರ್ಥ. ಅಪರೂಪದ ಕಾಯಿಲೆಗಳನ್ನು ಹುಡುಕುವ ಸಣ್ಣ ಅಧ್ಯಯನಗಳು ‘ಏನೂ ಸಿಗಲಿಲ್ಲ’ ಎಂದು ಮುಗಿಯುವುದು ಸಹಜ, ಏಕೆಂದರೆ ಇರುವುದನ್ನು ಕಾಣುವ ಶಕ್ತಿಯೇ ಅವಕ್ಕಿರುವುದಿಲ್ಲ. ಕಂಪನಿಯೊಂದು ‘ಯಾವ ಅಧ್ಯಯನದಲ್ಲೂ ಹಾನಿ ಸಾಬೀತಾಗಿಲ್ಲ’ ಎಂದಾಗ, ಆ ಅಧ್ಯಯನಗಳಲ್ಲಿ ಎಷ್ಟು ಜನರನ್ನು ಎಷ್ಟು ವರ್ಷ ನೋಡಿದ್ದರು ಎಂದು ಕೇಳಬೇಕು.

ವಿರುದ್ಧ ದಿಕ್ಕಿನ ಅಪಾಯವೂ ಇದೆ. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಒಂದು ಅಧ್ಯಯನ ಬಂತು. ಆಟಿಸಂ ಇರುವ 465 ಮಕ್ಕಳ ತಾಯಂದಿರು ಬಸಿರಿನ ಕಾಲದಲ್ಲಿ ಯಾವ ಹೊಲದ ಹತ್ತಿರ ಇದ್ದರು ಎಂದು ನೋಡಿದರು. ಎಂಡೋಸಲ್ಫಾನ್ ಮತ್ತು ಡೈಕೋಫಾಲ್ ಎಂಬ ಇನ್ನೊಂದು ಕೀಟನಾಶಕವನ್ನು ಅತಿ ಹೆಚ್ಚು ಬಳಸಿದ ಹೊಲಗಳಿಂದ 500 ಮೀಟರಿನೊಳಗೆ ಇದ್ದವರ ಮಕ್ಕಳಲ್ಲಿ ಆಟಿಸಂನ ಸಾಧ್ಯತೆ 6.1 ಪಟ್ಟು ಎಂದು ಕಂಡಿತು. ಪಕ್ಕದಲ್ಲಿ ಒಂದು ವ್ಯಾಪ್ತಿ ಇತ್ತು: 2.4ರಿಂದ 15.3. ನಿಜವಾದ ಉತ್ತರ ಇದರೊಳಗೆ ಎಲ್ಲೋ ಇದೆ ಎಂದು ಅದರ ಸೂಚನೆ. ವ್ಯಾಪ್ತಿ ಅಗಲವಾದಷ್ಟೂ ಅಂದಾಜು ಸಡಿಲ. ಇನ್ನೊಂದು ವಿಷಯ, ಈ ತಂಡ ಒಟ್ಟು 249 ಬೇರೆ ಬೇರೆ ಸಂಬಂಧಗಳನ್ನು ಪರೀಕ್ಷಿಸಿತ್ತು. ಅಷ್ಟು ಕಡೆ ಹುಡುಕಿದರೆ ಕೆಲವು ಆಕಸ್ಮಿಕವಾಗಿಯೇ ಸಿಗುತ್ತವೆ. ಅದು ಸಂಶೋಧಕರಿಗೆ ಗೊತ್ತಿತ್ತು, ಅದಕ್ಕಾಗಿ ಮೊದಲೇ ಕಟ್ಟುನಿಟ್ಟಿನ ಮಾನದಂಡ ಇಟ್ಟುಕೊಂಡಿದ್ದರು.

‘ಇಷ್ಟು ಪಟ್ಟು’ ಎಂಬ ಮಾತು ಬಂದಾಗಲೆಲ್ಲ ಮೂಲ ಅಂಕಿಯನ್ನು ಕೇಳಬೇಕು. ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ ದುಪ್ಪಟ್ಟಾದರೆ ಲಕ್ಷಕ್ಕೆ ಇಬ್ಬರು. ನೂರಕ್ಕೆ ಹತ್ತು ಮಂದಿಗೆ ಬರುವುದು ದುಪ್ಪಟ್ಟಾದರೆ ಇಪ್ಪತ್ತು ಮಂದಿ. ಎರಡೂ ಸುದ್ದಿಯಲ್ಲಿ ‘ದುಪ್ಪಟ್ಟು’.

ಕಾಫಿ ಬಿಡುಗಡೆಯಾಯಿತು, ಅಡಿಕೆ ಆಗಲಿಲ್ಲ

ಎರಡು ಸಂಗತಿಗಳು ಜೊತೆಯಾಗಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಮರೆಯಲ್ಲಿ ಮೂರನೆಯದು ಇರಬಹುದು. ಕೊಡಗು, ಚಿಕ್ಕಮಗಳೂರಿನವರು ಇದನ್ನು ಕಾಫಿಯಿಂದಲೇ ತಿಳಿಯಬಹುದು. 1991ರಲ್ಲಿ ಐಎಆರ್‌ಸಿ ಮೂತ್ರಕೋಶದ ಕ್ಯಾನ್ಸರಿನ ವಿಷಯದಲ್ಲಿ ಕಾಫಿಯನ್ನು 2ಬಿ ಗುಂಪಿಗೆ ಹಾಕಿತ್ತು. ಕಾಫಿ ಹೆಚ್ಚು ಕುಡಿಯುವವರಲ್ಲಿ ಆ ಕ್ಯಾನ್ಸರ್ ತುಸು ಹೆಚ್ಚು ಕಂಡಿತ್ತು. ಆದರೆ ಕಾಫಿ ಹೆಚ್ಚು ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಹೆಚ್ಚು, ಸಿಗರೇಟಿನಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಖಚಿತ. ಮುಂದೆ ದೊಡ್ಡ ಅಧ್ಯಯನಗಳು ಧೂಮಪಾನವನ್ನು ಸರಿಯಾಗಿ ಬೇರ್ಪಡಿಸಿ ನೋಡಿದಾಗ ಕಾಫಿಯ ಮೇಲಿನ ಆರೋಪ ನಿಲ್ಲಲಿಲ್ಲ. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ಕಾಫಿಯನ್ನು ಗುಂಪು 3ಕ್ಕೆ ಇಳಿಸಿದರು. 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯ ಮಾತ್ರ ಅನ್ನನಾಳದ ಕ್ಯಾನ್ಸರಿನ ಕಾರಣಕ್ಕೆ 2ಎಗೆ ಹೋಯಿತು.

ಅಡಿಕೆಯ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಮಲೆನಾಡು, ಕರಾವಳಿಯ ಲಕ್ಷಾಂತರ ಕುಟುಂಬಗಳ ಬದುಕು ಅಡಿಕೆಯ ಮೇಲಿರುವುದರಿಂದ ಈ ಮಾತು ನಮಗೆ ನೋಯುತ್ತದೆ. ಎಲೆಅಡಿಕೆಯ ಜೊತೆ ತಂಬಾಕು ಸೇರಿಸುವವರೇ ಬಹಳ, ಹಾಗಿದ್ದ ಮೇಲೆ ಬಾಯಿ ಕ್ಯಾನ್ಸರಿಗೆ ತಂಬಾಕು ಕಾರಣವೋ ಅಡಿಕೆಯೋ? 1985ರಲ್ಲಿ ಐಎಆರ್‌ಸಿ ತಂಬಾಕು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ್ದರ ಬಗ್ಗೆ ಪುರಾವೆ ಸಾಲದು ಎಂದಿತ್ತು. ಇದಕ್ಕೆ ಉತ್ತರ ದೊರೆತದ್ದು ಮುಖ್ಯವಾಗಿ ತೈವಾನಿನಿಂದ. ಅಲ್ಲಿ ಅಡಿಕೆ ಜಗಿಯುವವರು ಸಾಮಾನ್ಯವಾಗಿ ಅದಕ್ಕೆ ತಂಬಾಕು ಬೆರೆಸುವುದಿಲ್ಲ. ಅವರಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚೇ ಇತ್ತು. 2004ರಲ್ಲಿ ಪ್ರಕಟವಾದ ವರದಿ ತಂಬಾಕಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಗುಂಪು 1ಕ್ಕೆ ಸೇರಿಸಿತು. ಎಷ್ಟು ಜಗಿದರೆ ಎಷ್ಟು ಅಪಾಯ ಎಂಬುದು ಮತ್ತೆ ಬೇರೆಯೇ ಲೆಕ್ಕ. ಅದನ್ನು ಈ ಗುಂಪು ಹೇಳುವುದಿಲ್ಲ. ಆದರೆ ‘ಅದು ತಂಬಾಕಿನಿಂದ ಮಾತ್ರ’ ಎಂಬ ವಾದಕ್ಕೆ ಈಗ ಆಧಾರವಿಲ್ಲ.

ಕಾಫಿಯನ್ನು ಬಿಡುಗಡೆ ಮಾಡಿದ್ದೂ ಅಡಿಕೆಯನ್ನು ಸಿಕ್ಕಿಸಿದ್ದೂ ಒಂದೇ ವಿಧಾನ. ಇಷ್ಟವಾದ ಉತ್ತರ ಬಂದಾಗ ಮಾತ್ರ ವಿಧಾನ ಸರಿ ಎನ್ನುವಂತಿಲ್ಲ.

ದುಡ್ಡು ಕೊಟ್ಟವರು ಯಾರು?

2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಹೆಚ್ಚಿದೆ ಎಂದು ವರದಿ ಮಾಡಿತು. ಸಿಂಪಡಿಸಿದ ಪ್ಲಾಂಟೇಶನ್ ಕಾರ್ಪೊರೇಶನ್ ತಾನೇ ನೇಮಿಸಿದ ತಮಿಳುನಾಡಿನ ಸಂಸ್ಥೆಯ ವರದಿ ಇದಕ್ಕೆ ವಿರುದ್ಧವಾಗಿತ್ತು. ನಂತರ ಬಂದ ಸರ್ಕಾರಿ ಸಮಿತಿಗಳೂ ಒಂದೇ ಮಾತು ಹೇಳಲಿಲ್ಲ. ಊರಿನಲ್ಲಿ ಕಂಡ ಅಷ್ಟೂ ಕಾಯಿಲೆಗಳನ್ನು ಒಂದೇ ಕೀಟನಾಶಕದ ತಲೆಗೆ ಕಟ್ಟಲಾಗದು ಎಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ.

ಹಣ ಕೊಟ್ಟವರ ಹೆಸರು ನೋಡಿ ವರದಿಯನ್ನು ಕಸಕ್ಕೆ ಎಸೆಯಬೇಕಿಲ್ಲ. ಆದರೆ ಹೆಚ್ಚು ಎಚ್ಚರದಿಂದ ಓದಬೇಕು: ಮಾದರಿ ತೆಗೆದದ್ದು ಯಾವಾಗ, ಸಿಂಪಡಣೆಯಾಗಿ ಎಷ್ಟು ದಿನಕ್ಕೆ, ಯಂತ್ರಕ್ಕೆ ಎಷ್ಟು ಕನಿಷ್ಠ ಪ್ರಮಾಣ ಕಾಣುತ್ತದೆ, ಕಚ್ಚಾ ಅಂಕಿಗಳು ಬೇರೆಯವರ ಪರಿಶೀಲನೆಗೆ ಸಿಗುತ್ತವೆಯೇ. ಹೋರಾಟದ ಸಂಸ್ಥೆಗಳ ವರದಿಗೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ.

ಕಾರಣ ಎನ್ನಲು ಏನೇನು ಬೇಕು?

1965ರಲ್ಲಿ ಬ್ರಿಟನ್ನಿನ ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಒಂಬತ್ತು ಅಂಶಗಳನ್ನು ಮುಂದಿಟ್ಟರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿದವರಲ್ಲಿ ಅವರೊಬ್ಬರು. ಸಂಬಂಧ ಎಷ್ಟು ಬಲವಾಗಿದೆ, ಬೇರೆ ಬೇರೆ ಕಡೆ ಬೇರೆ ಬೇರೆ ಜನ ನೋಡಿದಾಗಲೂ ಕಂಡಿದೆಯೇ, ಸಂಪರ್ಕ ಮೊದಲು ಕಾಯಿಲೆ ಆಮೇಲೆ ಎಂಬ ಕ್ರಮ ಇದೆಯೇ, ಪ್ರಮಾಣ ಹೆಚ್ಚಿದಂತೆ ಕಾಯಿಲೆಯೂ ಹೆಚ್ಚುತ್ತದೆಯೇ, ಸಂಪರ್ಕ ನಿಂತರೆ ತಗ್ಗುತ್ತದೆಯೇ, ದೇಹದಲ್ಲಿ ಅದು ಹೇಗೆ ಆಗುತ್ತದೆ ಎಂಬುದಕ್ಕೆ ವಿವರಣೆ ಇದೆಯೇ ಎಂಬುವು ಅವುಗಳಲ್ಲಿ ಮುಖ್ಯ. ಇವನ್ನು ಅಂಕಪಟ್ಟಿಯಂತೆ ಬಳಸಬಾರದು ಎಂಬುದು ಹಿಲ್ ಅವರದೇ ನಿಲುವು.

ಪಡ್ರೆಗೆ ಇವನ್ನು ಹಚ್ಚಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಎಂಡೋಸಲ್ಫಾನ್ ನರಗಳಿಗೆ ವಿಷ ಎಂಬುದು ಖಚಿತ. ಗಂಡುಪ್ರಾಣಿಗಳ ಪ್ರಜನನಾಂಗಗಳಿಗೆ ಅದು ಹಾನಿ ಮಾಡುವುದನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಸಂಪರ್ಕ ಮೊದಲು ಆಗಿತ್ತು, ರಕ್ತದಲ್ಲಿ ಉಳಿದಿತ್ತು. ಹಾರ್ಮೋನಿನ ವಿಷಯದಲ್ಲಿ ಪುರಾವೆ ಇದೆ, ಆದರೆ ಅದು ಸಣ್ಣ ಅಧ್ಯಯನದಿಂದ ಬಂದದ್ದು, ಪೂರ್ತಿ ಖಚಿತವಲ್ಲ. ಊರಿನ ಪ್ರತಿಯೊಂದು ಕ್ಯಾನ್ಸರಿಗೂ ಪ್ರತಿಯೊಂದು ಅಂಗವೈಕಲ್ಯಕ್ಕೂ ಅದೇ ಕಾರಣ ಎನ್ನಲು ಬೇಕಾದಷ್ಟು ಅಧ್ಯಯನಗಳು ಆಗಬೇಕಾದ ಕಾಲದಲ್ಲಿ ಆಗಲಿಲ್ಲ. ಇಪ್ಪತ್ತು ವರ್ಷ ಜನರ ತಲೆಯ ಮೇಲೆ ಸಿಂಪಡಿಸುವಾಗ ಯಾರೂ ಅವರ ಆರೋಗ್ಯವನ್ನು ದಾಖಲಿಸಿಕೊಂಡಿರಲಿಲ್ಲ. ಪುರಾವೆಯ ಕೊರತೆಗೆ ಅದೂ ಒಂದು ಕಾರಣ. ಆ ಕೊರತೆಯ ಹೊಣೆಯನ್ನು ಕಾಯಿಲೆಯಾದವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಪೂರ್ತಿ ಖಚಿತವಾಗುವ ತನಕ ಕಾಯಬೇಕೇ?

ಇದು ವಿಜ್ಞಾನ ಒಂದರಿಂದಲೇ ಉತ್ತರಿಸುವ ಪ್ರಶ್ನೆಯಲ್ಲ. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಸಂಶೋಧಕರು ‘ಖಚಿತ’ ಎನ್ನಲು ಬಯಸುವ ಪುರಾವೆಗೂ, ಸರ್ಕಾರ ‘ನಿಲ್ಲಿಸಿ’ ಎನ್ನಲು ಸಾಕಾಗುವ ಪುರಾವೆಗೂ ವ್ಯತ್ಯಾಸವಿದೆ. ಇರಲೂಬೇಕು. ಕೀಟಕ್ಕೆ ಬೇರೆ ಉಪಾಯ ಸಿಗುತ್ತದೆ, ಮಗುವಿನ ಮಿದುಳಿಗೆ ಆದ ಹಾನಿ ಹಿಂದಿರುಗುವುದಿಲ್ಲ.

ಗೋಬಿ ಮಂಚೂರಿಯ ಬಣ್ಣದಲ್ಲೂ ಇದೇ ತರ್ಕ. ರೋಡಮೈನ್-ಬಿ ಐಎಆರ್‌ಸಿಯ ಗುಂಪು 3ರಲ್ಲಿದೆ. ಹಾಗಾದರೆ ನಿಷೇಧ ಏಕೆ? ನಮ್ಮ ಆಹಾರ ಕಾನೂನು ಅನುಮತಿಸಿದ ಬಣ್ಣಗಳ ಪಟ್ಟಿಯಲ್ಲಿ ಇರುವುದನ್ನು ಮಾತ್ರ ತಿನಿಸಿಗೆ ಹಾಕಬಹುದು, ಮತ್ತು ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಇಲ್ಲಿ ಸುರಕ್ಷಿತ ಎಂದು ತೋರಿಸುವ ಹೊಣೆ ಹಾಕುವವರದು, ಹಾನಿಕರ ಎಂದು ತೋರಿಸುವ ಹೊಣೆ ತಿನ್ನುವವರದಲ್ಲ.

ಮೂಲವನ್ನು ತೆರೆದು ನೋಡುವಾಗ

ಸುದ್ದಿಯಲ್ಲಿ ಸಂಶೋಧನಾ ಪತ್ರಿಕೆಯ ಹೆಸರು, ಸಂಸ್ಥೆಯ ಹೆಸರು, ವರ್ಷ ಮೂರೂ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸದಿರುವುದೇ ಒಳ್ಳೆಯದು. ಇದ್ದರೆ ಪಬ್‌ಮೆಡ್ ಜಾಲತಾಣದಲ್ಲಿ ಹುಡುಕಿ. ಸಾರಾಂಶ ಸಾಮಾನ್ಯವಾಗಿ ಉಚಿತ, ಪಡ್ರೆಯ ಅಧ್ಯಯನದಂತೆ ಪೂರ್ಣ ಪ್ರಬಂಧವೂ ಹಲವು ಸಲ ಸಿಗುತ್ತದೆ. ಮನುಷ್ಯರ ಮೇಲಿನ ಅಧ್ಯಯನವೋ ಇಲಿಯ ಮೇಲಿನದೋ, ಎಷ್ಟು ಮಂದಿ, ಹೋಲಿಕೆ ಯಾರೊಂದಿಗೆ ಎಂಬುದು ಸಾರಾಂಶದಲ್ಲೇ ಇರುತ್ತದೆ. ಹಣದ ಮೂಲ ಪ್ರಬಂಧದ ಕೊನೆಯಲ್ಲಿರುತ್ತದೆ. ಅದೇ ವಿಷಯದ ಮೇಲೆ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ ಸಮೀಕ್ಷಾ ಪ್ರಬಂಧ ಸಿಕ್ಕರೆ ಮೊದಲು ಅದನ್ನೇ ಓದಿ.

ನಿಮ್ಮದೇ ಮನೆಯ ನೀರಿನ ವಿಷಯವಾದರೆ ಬೇರೆ ಊರಿನ ಸಂಶೋಧನೆಗಿಂತ ನಿಮ್ಮ ಕೊಳವೆಬಾವಿಯ ಪರೀಕ್ಷೆಯೇ ಹೆಚ್ಚು ಉಪಯುಕ್ತ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ, ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೂ ಮಾದರಿ ಕೊಡಬಹುದು. ಫ್ಲೋರೈಡಿನ ಸಾಲಿನಲ್ಲಿ 1.5ಕ್ಕಿಂತ ಹೆಚ್ಚಿನ ಅಂಕಿ ಕಂಡರೆ ನೀರನ್ನು ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ಆಗ ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಮಗುವಿನ ಹಾಲಿನ ಪುಡಿಗೂ ಮಳೆನೀರನ್ನೋ ಶುದ್ಧೀಕರಣ ಘಟಕದ ನೀರನ್ನೋ ಬಳಸಬೇಕು. ಸ್ನಾನಕ್ಕೆ, ಬಟ್ಟೆ ಒಗೆಯಲು ಕೊಳವೆಬಾವಿಯ ನೀರೇ ಸಾಕು.